ಬೀದಿಮಾತಿನ ಹುಟ್ಟು ಮತ್ತು ಒಡೆತನ: ಸೇಲಂ–ಧರ್ಮಪುರಿ ಸೀಮೆಯ ಗ್ರಾಮ್ಯೋಕ್ತಿಗಳ ನಿರುಕ್ತಿಯನ್ನು ಕುರಿತು

ಗ್ರಾಮ್ಯೋಕ್ತಿಗಳ ಮೂಲವನ್ನು ಹೇಳುವ ಬರಹಗಳಿಗೆ ಓದುಗರ ಕೊರತೆ ಎಂದೂ ಬಂದಿಲ್ಲ. ಒಂದು ಬೈಗುಳ ಅಥವಾ ಕೀಟಲೆಯ ಮಾತು, ಅದರ ಬೆನ್ನಿಗೆ ಒಂದು ಸ್ವಾರಸ್ಯದ ಕಥೆ: ಇದು ಆ ಬರಹಗಳ ಸಾಮಾನ್ಯ ವಿನ್ಯಾಸ. ಕಥೆ ಎಷ್ಟು ಚೊಕ್ಕವಾಗಿದೆಯೋ ಅಷ್ಟು ಬೇಗ ಅದು ಪ್ರಮಾಣವೆನಿಸಿಕೊಳ್ಳುತ್ತದೆ. ಒಂದೇ ಭಾಷೆಯ ನೆಲದಲ್ಲಿ ಇಂಥ ಕಥೆಗಳಿಂದ ದೊಡ್ಡ ಹಾನಿಯೇನೂ ಆಗದು. ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬದುಕುವ ಕಡೆ ಮಾತ್ರ ಪದದ ಹುಟ್ಟಿನ ಕಥೆ ಪದದ ಒಡೆತನದ ದಾವೆಯಾಗಿ ಮಾರ್ಪಡುತ್ತದೆ. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡಿಗರ ಆಡುಮಾತು ಇಂಥ ದಾವೆಗಳ ನಡುವೆ ಸಿಲುಕಿದೆ. ಅಲ್ಲಿನ ರಂಗಾದ ಮಾತುಗಳನ್ನು ಕರ್ನಾಟಕದ ಶಿಷ್ಟ ಕಿವಿ ತಮಿಳಿನ ಕಲಬೆರಕೆಯೆಂದು ತಳ್ಳಿಹಾಕಿದರೆ, ತಮಿಳಿನ ಶುದ್ಧಿವಾದ ಅವನ್ನು ಹೊರಗಿನವೆಂದು ಬದಿಗಿಡುತ್ತದೆ. ಈ ಎರಡು ನಿಲುವುಗಳೂ ನಿರುಕ್ತಿಯ ಹೆಸರಿನಲ್ಲೇ ನಿಂತಿರುವುದರಿಂದ ನಿರುಕ್ತಿಯ ಕ್ರಮವನ್ನೇ ಪರೀಕ್ಷಿಸಬೇಕಾಗುತ್ತದೆ.

ಕಥೆಯ ಮೋಹಕ್ಕೆ ಒಳ್ಳೆಯ ನಿದರ್ಶನ ತಮಿಳಿನ 'ಕಾಕ್ಕಾ ಪಿಡಿ' ಎಂಬ ನುಡಿಗಟ್ಟು. ಕಾಗೆ ಹಿಡಿಯುವುದು ಎಂಬ ಅಕ್ಷರಾರ್ಥದ ಈ ಮಾತಿಗೆ ಲಾಭಕ್ಕಾಗಿ ಮುಖಸ್ತುತಿ ಮಾಡುವುದು ಎಂಬ ಅರ್ಥವಿದೆ. 'ಕಾಲ್ ಕೈ ಪಿಡಿ' ಎಂಬುದು ಸವೆದು ಹೀಗಾಯಿತೆಂಬುದು ಎಲ್ಲೆಡೆ ಹೇಳಲಾಗುವ ವಿವರಣೆ. ಕನ್ನಡದಲ್ಲೂ 'ಕೈಕಾಲು ಹಿಡಿ' ಎಂಬ ಪ್ರಯೋಗವಿರುವುದರಿಂದ ದ್ವಿಭಾಷಿಕರಿಗೆ ಈ ವಿವರಣೆ ಕೂಡಲೇ ಒಪ್ಪಿಗೆಯಾಗುತ್ತದೆ. ಆದರೆ ಕನ್ನಡದ 'ಕೈಕಾಲು ಹಿಡಿ' ಸಂಕಟದಲ್ಲಿರುವವನ ಅಂಗಲಾಚುವಿಕೆ. ತಮಿಳಿನ ಕಾಗೆಯಾದರೋ ಚತುರನ ಉಪಾಯ. ಕಾಗೆಗೆ ಅನ್ನ ಎರಚಿ ಬಳಿಗೆ ಕರೆಯುವ ರೂಢಿಯಿಂದ ಈ ಮಾತು ಬಂತೆನ್ನುವವರೂ ಇದ್ದಾರೆ. ಎರಡು ಕಥೆಗಳೂ ಪ್ರಯೋಗದ ಕಾಲಕ್ರಮವನ್ನು ಮುಂದಿಡುವುದಿಲ್ಲ. ಮಾತನ್ನು ಎದುರಿಗಿಟ್ಟುಕೊಂಡು ಹಿಮ್ಮುಖವಾಗಿ ಕಟ್ಟಿದ ಕಥೆಗಳಿವು. ಕನ್ನಡದ ಕಾಗೆಯ ನಡತೆ ಬೇರೆ. 'ಕಾಗೆ ಹಾರಿಸು' ಎಂದರೆ ಸುಳ್ಳು ಹೇಳು. ಎರಡೂ ಭಾಷೆ ಬಲ್ಲವನು ಒಂದರಲ್ಲಿ ಕಾಗೆಯನ್ನು ಹಿಡಿಯುತ್ತಾನೆ, ಇನ್ನೊಂದರಲ್ಲಿ ಹಾರಬಿಡುತ್ತಾನೆ. ಹಕ್ಕಿ ಒಂದೇ ಎಂಬ ಕಾರಣಕ್ಕೆ ಎರಡು ನುಡಿಗಟ್ಟುಗಳನ್ನು ಒಂದೇ ಗೂಡಿಗೆ ಸೇರಿಸಲು ಬರುವುದಿಲ್ಲ.

ಈ ಚರ್ಚೆಗೆ ಸೀಮೆಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಹಳೆಯ ಸೇಲಂ ಜಿಲ್ಲೆಯನ್ನು ಬಾಲಾಘಾಟ್, ಬಾರಾಮಹಲ್, ತಲಘಾಟ್ ಎಂದು ಮೂರು ಭಾಗವಾಗಿ ಕಾಣುವುದು ವಾಡಿಕೆ. ಮೈಸೂರಿನ ಪ್ರಸ್ಥಭೂಮಿಗೆ ಸೇರಿದಂತಿರುವ ಹೊಸೂರಿನ ಕಡೆ ಬಾಲಾಘಾಟ್; ಧರ್ಮಪುರಿ, ಕೃಷ್ಣಗಿರಿಗಳ ಬಯಲು ಬಾರಾಮಹಲ್; ಸೇಲಂ ಪಟ್ಟಣವೂ ಅದರ ಕೆಳಗಿನ ನೆಲವೂ ತಲಘಾಟ್. ಬಾರಾಮಹಲ್ ಮತ್ತು ಸೇಲಂ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ಕೈಬಿಟ್ಟು ಕಂಪನಿಯ ವಶವಾದವು. ಬಾಲಾಘಾಟ್ 1799ರಲ್ಲಿ ಅವುಗಳ ಜೊತೆ ಸೇರಿತು. 1965ರಲ್ಲಿ ಸೇಲಂನಿಂದ ಧರ್ಮಪುರಿಯೂ 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಒಕ್ಕಲಿಗರು, ಕುರುಬರು, ಲಿಂಗಾಯತರು, ನೇಯ್ಗೆಯ ದೇವಾಂಗರು ಮೊದಲಾದ ಸಮುದಾಯಗಳಲ್ಲಿ ಕನ್ನಡ ಮನೆಮಾತಾಗಿ ಉಳಿದ ಈ ಸೀಮೆಯಲ್ಲಿ ತಮಿಳಿನಷ್ಟೇ ತೆಲುಗೂ ನೆರೆಯ ನುಡಿ. ಆದ್ದರಿಂದ 'ಕನ್ನಡವೋ ತಮಿಳೋ' ಎಂಬ ಪ್ರಶ್ನೆಯೇ ಅಪೂರ್ಣ.

ಪದದ ಜಾಡನ್ನು ಹಿಡಿಯಲು ಇರುವ ಮೊದಲ ಮತ್ತು ಅತ್ಯಂತ ನಂಬಿಕೆಯ ಸಾಧನ ಧ್ವನಿ. ಹಳಗನ್ನಡದ ಪದಾದಿಯ ಪಕಾರ ಸುಮಾರು ಹತ್ತನೆಯ ಶತಮಾನದಿಂದ ಮೊದಲ್ಗೊಂಡು ಕ್ರಮೇಣ ಹಕಾರವಾಯಿತು. ತಮಿಳು, ತೆಲುಗುಗಳಲ್ಲಿ ಈ ಬದಲಾವಣೆ ನಡೆಯಲಿಲ್ಲ. ಈ ಸೀಮೆಯ ಊರುಗಳೇ ಇದಕ್ಕೆ ಸಾಕ್ಷಿ. ಹೊಸೂರು ತಮಿಳಿನ ಬರವಣಿಗೆಯಲ್ಲಿ 'ಓಸೂರ್' ಎಂದಾಗುತ್ತದೆ, ಹೊಗೇನಕಲ್ಲು 'ಒಗೇನಕ್ಕಲ್' ಎಂದಾಗುತ್ತದೆ. ಹಕಾರ ಉದುರಿದರೂ ಅವು 'ಪುದೂರ್' ಆಗಲಿಲ್ಲ, 'ಪುಗೈ' ಎಂಬ ತಮಿಳು ರೂಪವನ್ನೂ ತಳೆಯಲಿಲ್ಲ. ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ, ಸೋಮನಹಳ್ಳಿಗಳ ಕೊನೆಯ ಪದ ತಮಿಳಿನಲ್ಲಿ 'ಅಳ್ಳಿ' ಎಂದು ಬರುತ್ತದೆ. ಅದೇ ಜಿಲ್ಲೆಯ ನಲ್ಲಂಪಳ್ಳಿ, ಪಂಚಪಳ್ಳಿಗಳಲ್ಲಿ 'ಪಳ್ಳಿ' ಉಳಿದಿದೆ. ಎರವಲು ಹೋದ ಪದ ಹೊಸ ನೆಲದ ಉಚ್ಚಾರಣೆಗೆ ಬಾಗಿದರೂ ತಾನು ಹೊರಟ ಕಾಲದ ಗುರುತನ್ನು ಪೂರ್ತಿ ಅಳಿಸಿಕೊಳ್ಳುವುದಿಲ್ಲ.

ಇದೇ ಅಳತೆಗೋಲನ್ನು ಬೀದಿಮಾತಿಗೆ ಹಿಡಿದರೆ ಕೆಲವು ವಿವಾದಗಳು ತಾವಾಗಿ ಇತ್ಯರ್ಥವಾಗುತ್ತವೆ. ಸಂಸ್ಕೃತದಿಂದ ಬಂದ ಪದಗಳನ್ನೂ ಅನುಕರಣಶಬ್ದಗಳನ್ನೂ ಬಿಟ್ಟರೆ, ಇಂದಿನ ಕನ್ನಡದ ಮಾತಿನಲ್ಲಿ ಪದಾದಿಯ ಪಕಾರ ಕಂಡಾಗ ಅದು ಈ ಬದಲಾವಣೆಯ ಅನಂತರ ನೆರೆಯಿಂದ ಬಂದಿರುವ ಸಾಧ್ಯತೆ ಹೆಚ್ಚು. 'ಪೊರ್ಕಿ' ಎಂಬ ಬೈಗುಳವನ್ನು ನೋಡಬಹುದು. ತಮಿಳಿನ 'ಪೊಱುಕ್ಕು' ಎಂದರೆ ಬಿದ್ದದ್ದನ್ನು ಆಯ್ದುಕೊಳ್ಳು. 'ಪೊಱುಕ್ಕಿ' ಹಾಗೆ ಆಯ್ದು ಬದುಕುವವನು, ಅಲ್ಲಿಂದ ಮುಂದೆ ಪೋಕರಿ. ಇದರ ಕನ್ನಡ ಜ್ಞಾತಿಪದ ಹಳಗನ್ನಡದ 'ಪೆರ್ಕು', ಇಂದಿನ 'ಹೆಕ್ಕು'. ಅಕ್ಕಿಯಲ್ಲಿನ ಕಲ್ಲನ್ನು ಹೆಕ್ಕುವವಳಿಗೂ ಬೀದಿಯ ಪೊರ್ಕಿಗೂ ಒಂದೇ ಧಾತು. ಕನ್ನಡದಲ್ಲಿ ಆ ಧಾತು ಶ್ರಮದ ಅರ್ಥದಲ್ಲೇ ಉಳಿಯಿತು. ತಮಿಳಿನಲ್ಲಿ ಅದರ ಒಂದು ಕವಲು ನಿಂದೆಯಾಯಿತು. ಆ ನಿಂದೆ ಮಾತ್ರ ಪಕಾರಸಹಿತ ಕನ್ನಡಕ್ಕೆ ಮರಳಿ ಬಂತು. 'ಪೊಗರು' ಇನ್ನೊಂದು ಜೋಡಿ. ಹಳಗನ್ನಡದ 'ಪೊಗರ್' ಎಂದರೆ ಕಾಂತಿ. ಅದು ನಿಯಮದಂತೆ 'ಹೊಗರು' ಆಯಿತು. ಗರ್ವ, ಸೊಕ್ಕು ಎಂಬ ಅರ್ಥದ 'ಪೊಗರು' ತೆಲುಗಿನದು. ಮೈಯ ಹೊಗರೂ ತಲೆಗೇರಿದ ಪೊಗರೂ ಒಂದೇ ಬೇರಿನವಾದರೂ ಕನ್ನಡಕ್ಕೆ ಬಂದ ದಾರಿಗಳು ಎರಡು. 2010ರಲ್ಲಿ 'ಪೊರ್ಕಿ', 2021ರಲ್ಲಿ 'ಪೊಗರು' ಎಂಬ ಹೆಸರಿನ ಕನ್ನಡ ಚಲನಚಿತ್ರಗಳು ಬಂದುವೆಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಿತ್ತಿಪತ್ರದ ಮೇಲೆ ಮಾನ್ಯವಾದ ಪದವೇ ಧರ್ಮಪುರಿಯ ಕನ್ನಡಿಗನ ಬಾಯಲ್ಲಿ ಕಲಬೆರಕೆ ಎನಿಸಿಕೊಳ್ಳುವುದಾದರೆ ಆ ತೀರ್ಪಿನ ಆಧಾರ ಭಾಷಾಶಾಸ್ತ್ರದ್ದಲ್ಲ.

ಧ್ವನಿಯ ಸಾಕ್ಷ್ಯ ಒಂಟಿ ಪದಗಳಿಗೆ ಸಲ್ಲುವಷ್ಟು ನುಡಿಗಟ್ಟುಗಳಿಗೆ ಸಲ್ಲುವುದಿಲ್ಲ. ನುಡಿಗಟ್ಟು ಗಡಿ ದಾಟುವಾಗ ಸಾಮಾನ್ಯವಾಗಿ ತನ್ನ ಪದಗಳನ್ನು ಆಚೆಯೇ ಬಿಟ್ಟು ಬರುತ್ತದೆ. ಮೋಸಮಾಡು ಎಂಬ ಅರ್ಥದಲ್ಲಿ ಕನ್ನಡಿಗರು ಕಿವಿಯ ಮೇಲೆ ಹೂ ಇಡುತ್ತಾರೆ, ತಮಿಳರು 'ಕಾದಿಲ್ ಪೂ' ಸುತ್ತುತ್ತಾರೆ. 'ಹೂ' ಮತ್ತು 'ಪೂ' ಎಂಬ ಜ್ಞಾತಿಪದಗಳು ತಮ್ಮ ತಮ್ಮ ಭಾಷೆಯ ನಿಯಮವನ್ನು ಪಾಲಿಸಿವೆ. ಕಿವಿಗೆ ಎದುರಾಗಿ 'ಸೆವಿ' ಎಂಬ ಜ್ಞಾತಿಪದ ತಮಿಳಿನಲ್ಲಿದ್ದರೂ ಆಡುಮಾತಿನ 'ಕಾದು' ಆ ಜಾಗದಲ್ಲಿ ಕುಳಿತಿದೆ. ಯಾರಿಂದ ಯಾರು ಪಡೆದರೆಂಬುದನ್ನು ಈ ಧ್ವನಿಗಳು ಹೇಳಲಾರವು. ಇನ್ನೂ ಸೂಕ್ಷ್ಮವಾದ ಉದಾಹರಣೆ 'ಸಾವಾಸ'. ಕನ್ನಡದ 'ನಿನ್ನ ಸಾವಾಸವೇ ಬೇಡ' ಎಂಬ ಮಾತಿಗೆ ತಮಿಳಿನ 'ಉನ್ ಸಗವಾಸಮೇ ವೇಂಡಾಂ' ಪದಕ್ಕೆ ಪದ, ಒತ್ತಿಗೆ ಒತ್ತು ಹೊಂದುತ್ತದೆ. ಸಂಸ್ಕೃತದ ಸಹವಾಸವನ್ನು ಕನ್ನಡ ಹಕಾರ ನುಂಗಿ 'ಸಾವಾಸ' ಮಾಡಿದರೆ ತಮಿಳು ಹಕಾರಕ್ಕೆ ಗಕಾರ ಕೊಟ್ಟು 'ಸಗವಾಸ' ಮಾಡಿತು. ಪದ ಮೂರನೆಯವರದು, ಉಚ್ಚಾರಣೆ ಅವರವರದು, ಬೇಸರ ಇಬ್ಬರದೂ. ಇಂಥ ಮಾತಿಗೆ ಒಬ್ಬ ಒಡೆಯನನ್ನು ಹುಡುಕುವುದು ಹಾಸಿನ ನೂಲು ಯಾರದು, ಹೊಕ್ಕಿನ ನೂಲು ಯಾರದು ಎಂದು ನೇಯ್ದ ಬಟ್ಟೆಯಲ್ಲಿ ಕೇಳಿದಂತೆ.

'ಮಚ್ಚಾ' ಎಂಬ ಸಂಬೋಧನೆಯನ್ನು ಕುರಿತ ಚರ್ಚೆಯಲ್ಲೂ ಪದದ ಮೂಲವೊಂದನ್ನೇ ನೋಡುವುದರ ಮಿತಿ ಕಾಣುತ್ತದೆ. ಈ ಮಾತು ತಮಿಳಿನ 'ಮಚ್ಚಾನ್' ಎಂಬುದರಿಂದ ಬಂದುದರಲ್ಲಿ ಸಂದೇಹವಿಲ್ಲ. ಗೆಳೆಯನನ್ನು ಹಾಗೇಕೆ ಕರೆಯಬೇಕೆಂಬುದಕ್ಕೆ ಉತ್ತರ ಇರುವುದು ಬಂಧುತ್ವದ ವ್ಯವಸ್ಥೆಯಲ್ಲಿ. ಸೋದರಿಕೆಯ ಮದುವೆ ರೂಢಿಯಲ್ಲಿರುವ ಸಮಾಜದಲ್ಲಿ ಭಾವಮೈದುನರ ನಡುವೆ ಗೇಲಿಗೆ ಸಲಿಗೆಯಿದೆ. ಅಣ್ಣತಮ್ಮಂದಿರ ನಡುವೆ ಅದು ಅಷ್ಟಿಲ್ಲ. ಅಪರಿಚಿತನನ್ನು ಮಚ್ಚಾ ಎನ್ನುವುದೆಂದರೆ ಆ ಸಲಿಗೆಯನ್ನು ಅವನಿಗೆ ಕೊಡುವುದು. ಈ ಬಂಧುತ್ವ ಕನ್ನಡಿಗರಿಗೂ ತಮಿಳರಿಗೂ ಸಮಾನವಾದ್ದರಿಂದಲೇ ಪದ ಸಲೀಸಾಗಿ ಗಡಿ ದಾಟಿತು. ಎರವಲು ಬಂದದ್ದು ಹೆಸರು. ಸಂಬಂಧ ಮೊದಲೇ ಮನೆಯಲ್ಲಿತ್ತು.

ಮೂರನೆಯ ಸಾಕ್ಷ್ಯ ಪದ ನಡೆದುಬಂದ ಹಾದಿಯದು: ಕಚೇರಿ, ಸಂತೆ, ಮಗ್ಗ. ಮೈಸೂರಿನ ಆಳ್ವಿಕೆಯಿಂದ ಕಂಪನಿಯ ಆಳ್ವಿಕೆಗೆ ಬಂದ ಬಾರಾಮಹಲಿನಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಕಂದಾಯದ ವ್ಯವಸ್ಥೆಯನ್ನು ಕಟ್ಟಿದ್ದು ಪ್ರಸಿದ್ಧ ಸಂಗತಿ. ಕಂದಾಯದ ಭಾಷೆ ಆಗ ಯಾವ ದೇಶಭಾಷೆಯ ಸೊತ್ತೂ ಆಗಿರಲಿಲ್ಲ. ಪಾರಸಿ–ಅರಬಿ ಮೂಲದ ಪದಗಳು ಮುಸಲ್ಮಾನ ಮತ್ತು ಮರಾಠಾ ಆಡಳಿತಗಳ ಮೂಲಕ ದಕ್ಷಿಣದ ಎಲ್ಲ ಕಚೇರಿಗಳಲ್ಲೂ ಹರಡಿದ್ದವು. 'ಬೇವಾರಸು' ಎಂದರೆ ವಾರಸುದಾರರಿಲ್ಲದ ಸ್ವತ್ತು. ಲೆಕ್ಕದ ಪುಸ್ತಕದಿಂದ ಬೀದಿಗಿಳಿದು 'ಬೇವಾರ್ಸಿ' ಆದಾಗ ಅದು ಹೇಳುವವರು ಕೇಳುವವರಿಲ್ಲದ ಮನುಷ್ಯನನ್ನು ಹೀಯಾಳಿಸುವ ಮಾತಾಯಿತು. ತಮಿಳಿನ ಆಡುಮಾತೂ ಅದನ್ನು ಬಲ್ಲದು. 'ಖದೀಮ' ಎಂಬುದರ ಮೂಲ ಹಳೆಯದು ಎಂಬ ಅರ್ಥದ ಅರಬಿ ಪದ. 'ಖದೀಮ ಕಳ್ಳ' ಎಂಬ ಜೋಡಿಯಲ್ಲಿ ವಿಶೇಷಣವಾಗಿದ್ದುದು ಕಳ್ಳನನ್ನು ಬಿಟ್ಟು ತಾನೇ ಕಳ್ಳನಾಯಿತು. ಭೂಮಿಯೇ ಬದುಕಾಗಿದ್ದ ಸಮಾಜದಲ್ಲಿ ವಾರಸಿಲ್ಲದಿರುವುದು ಅವಮಾನಗಳಲ್ಲೇ ದೊಡ್ಡದೆನಿಸಿದ್ದು ಸಹಜ. ಈ ಪದಗಳನ್ನು ತಮಿಳಿನಿಂದ ಕನ್ನಡವೋ ಕನ್ನಡದಿಂದ ತಮಿಳೋ ಪಡೆಯಿತೆನ್ನುವುದಕ್ಕಿಂತ, ಎರಡೂ ಭಾಷೆಯ ರೈತರು ಒಂದೇ ಬಗೆಯ ಕಚೇರಿಯ ಜಗುಲಿಯಲ್ಲಿ ಕಾದು ಕುಳಿತಾಗ ಕಲಿತರೆನ್ನುವುದು ಹೆಚ್ಚು ಯುಕ್ತ.

ಸಂತೆಯದೂ ಹಾಗೆಯೇ. ಕೊಳ್ಳುವವನೆಂಬ ಅರ್ಥದ 'ಗ್ರಾಹಕ'ದ ರೂಪಾಂತರವಾದ 'ಗಿರಾಕಿ' ಕನ್ನಡ, ತಮಿಳುಗಳೆರಡರಲ್ಲೂ ವಿಚಿತ್ರ ಸ್ವಭಾವದ ವ್ಯಕ್ತಿಯನ್ನು ಸೂಚಿಸುತ್ತದೆ. 'ಒಳ್ಳೇ ಗಿರಾಕಿ ನೀನು' ಎಂಬ ಮಾತಿನಲ್ಲಿ ಮಾರುವವನ ದೃಷ್ಟಿ ಅಡಗಿದೆ: ಚೌಕಾಸಿ ಮಾಡುವವರ ನಡುವೆ ಮನುಷ್ಯಸ್ವಭಾವವನ್ನು ದಿನವೆಲ್ಲ ಅಳೆದು ಕುಳಿತವನ ದಣಿದ ವಿನೋದ ಅದು. ಇವಕ್ಕೆ ಹೋಲಿಸಿದರೆ ಮಗ್ಗದ ಭಾಗ್ಯ ಬೇರೆ. 'ಹಾಸುಹೊಕ್ಕು' ಎಂಬ ಮಾತು ನೇಕಾರನ ಕೈಕೆಲಸದಿಂದ ಹುಟ್ಟಿ ಇಂದು ವಿದ್ವತ್ಪ್ರಬಂಧಗಳಲ್ಲೂ ಸಂಚರಿಸುತ್ತದೆ. ಅದನ್ನು ಯಾರೂ ಗ್ರಾಮ್ಯವೆನ್ನುವುದಿಲ್ಲ. ಕಸುಬಿನ ಮಾತು ಬರಹಕ್ಕೆ ಏರಿದರೆ ನುಡಿಗಟ್ಟು, ಬೀದಿಯಲ್ಲೇ ಉಳಿದರೆ ಗ್ರಾಮ್ಯ ಎಂಬ ಈ ವಿಂಗಡಣೆ ಪದದ ಗುಣದಿಂದ ಬಂದುದಲ್ಲ, ಬರೆಯುವವರು ಯಾರು ಎಂಬುದರಿಂದ ಬಂದದ್ದು. ಸೇಲಂನ ದೇವಾಂಗರ ಮನೆಗಳಲ್ಲಿ ಮಗ್ಗವೂ ಕನ್ನಡವೂ ಒಟ್ಟಿಗೆ ಬಾಳಿದುವೆಂಬುದನ್ನು ನೆನೆದರೆ, ಮಗ್ಗ ನಿಂತಾಗ ಅದರೊಂದಿಗೆ ನಿಲ್ಲುವ ಮಾತುಗಳ ಸಂಗ್ರಹ ಎಷ್ಟು ತುರ್ತಿನದೆಂಬುದು ತಿಳಿಯುತ್ತದೆ.

ರಂಗಾದ ಮಾತುಗಳೆಂದು ಇವನ್ನು ಮೆಚ್ಚುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ರಂಗು ಯಾರ ಬೆಲೆಯಲ್ಲಿ ಬಂತು? ಕನ್ನಡದ 'ಬೋಳಿಮಗ' ಎಂಬ ಬೈಗುಳ ತಲೆಬೋಳಿಸಿದ ವಿಧವೆಯನ್ನು ಎಳೆದುತರುತ್ತದೆ. ತಮಿಳಿನ 'ಕಮ್ಮನಾಟ್ಟಿ', 'ಕೈಂಪೆಂಡಾಟ್ಟಿ' ಎಂಬುದರ ಸವೆದ ರೂಪ. ಅದರ ಅರ್ಥವೂ ವಿಧವೆಯೆಂದೇ. ಈ ಎರಡು ಪದಗಳಿಗೆ ಧ್ವನಿಯ ಸಂಬಂಧ ಎಳ್ಳಷ್ಟೂ ಇಲ್ಲ, ಒಂದು ಇನ್ನೊಂದರ ಅನುವಾದವೂ ಅಲ್ಲ. ಆದರೂ ಇವುಗಳ ಹುಟ್ಟು ಒಂದೇ ಕಡೆ: ಗಂಡನಿಲ್ಲದ ಹೆಣ್ಣನ್ನು ಅಮಂಗಳವೆಂದು ಎಣಿಸಿದ ವ್ಯವಸ್ಥೆಯಲ್ಲಿ. ಇಂದು ಈ ಬೈಗುಳಗಳನ್ನು ಗಂಡಸರು ಗಂಡಸರ ಮೇಲೆ ಎಸೆಯುತ್ತಾರೆ. ಅರ್ಥ ಮರೆತುಹೋಗಿದೆ, ಗುರಿ ಮಾತ್ರ ಉಳಿದಿದೆ. ಜಾತಿಯ, ಕಸುಬಿನ ಹೆಸರುಗಳೇ ನಿಂದೆಯಾದ ಪ್ರಯೋಗಗಳಿಗೂ ಈ ಮಾತು ಅನ್ವಯಿಸುತ್ತದೆ. ಗ್ರಾಮ್ಯವನ್ನು ಜನರ ಸಹಜ ಪ್ರತಿಭೆಯೆಂದು ಕೊಂಡಾಡುವ ಬರಹಗಳು ಇಲ್ಲಿ ಮೌನವಾಗುತ್ತವೆ. ಧ್ವನಿನಿಯಮ ಮಾತ್ರ ಬಲ್ಲ ನಿರುಕ್ತಿಕಾರನಿಗೆ ಈ ಜೋಡಿ ಕಾಣಿಸುವುದೇ ಇಲ್ಲ. ಮೂಲಶೋಧವೆಂದರೆ ಧಾತುವಿನ ಶೋಧವಷ್ಟೇ ಆಗದೆ ಸಮಾಜದ ಶೋಧವೂ ಆಗಬೇಕೆನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಿಘಂಟುಗಳು ಈ ಸೀಮೆಯನ್ನು ಹೇಗೆ ಕಂಡಿವೆ? ಪ್ರದೇಶಕ್ಕೊಂದು ಕನ್ನಡವಿರುವುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗಮನಿಸಿತ್ತು. ಆ ವೈವಿಧ್ಯದ ಲೆಕ್ಕ ಹಿಡಿಯುವಲ್ಲಿ ವಾಸುಕಿಯೂ ಬೇಸರಗೊಳ್ಳುವನೆಂಬ ಅದರ ಮಾತಿನಲ್ಲಿ ಬೆರಗೂ ದೂರೂ ಬೆರೆತಿವೆ. 1894ರ ಕಿಟ್ಟೆಲ್ ನಿಘಂಟು ತಮಿಳು, ತೆಲುಗುಗಳ ಸಮಾನ ರೂಪಗಳನ್ನು ಕೊಟ್ಟು ತೌಲನಿಕ ದೃಷ್ಟಿಗೆ ದಾರಿ ತೆರೆಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಮುಖ್ಯ ಬಲ ಕಾವ್ಯ ಮತ್ತು ಶಾಸನಗಳ ಪ್ರಯೋಗ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತ ಕೋಶ 1961ರಲ್ಲಿ ಬಂದು 1984ರಲ್ಲಿ ಪರಿಷ್ಕೃತವಾಯಿತು. ಅದು ಹವ್ಯ, ಗೌಡ, ನಂಜನಗೂಡು, ತಿಪಟೂರು ಮೊದಲಾದ ಕನ್ನಡಗಳಿಗೆ ಬೇರೆ ಬೇರೆ ಗುರುತು ಕೊಟ್ಟಿದೆ; ಸೇಲಂ, ಧರ್ಮಪುರಿಗಳ ಕನ್ನಡಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ. ಉಪಭಾಷೆಯೆಂದು ಹೆಸರು ಪಡೆಯದ ಮಾತು ಸುಲಭವಾಗಿ ತಪ್ಪು ಮಾತಾಗುತ್ತದೆ.

ತಮಿಳಿನಲ್ಲಿ ಈ ಕೆಲಸವನ್ನು ಸೃಜನಶೀಲ ಲೇಖಕರು ಕೈಗೆತ್ತಿಕೊಂಡರು. ಕಿ. ರಾಜನಾರಾಯಣನ್ 1982ರಲ್ಲಿ ಕರಿಸಲ್ ಸೀಮೆಯ ಮಾತುಗಳ ನಿಘಂಟನ್ನು ಹೊರತಂದರು. ತಿರುಚ್ಚೆಂಗೋಡಿನ ಕಡೆಯ ಪೆರುಮಾಳ್ ಮುರುಗನ್ 2000ದಲ್ಲಿ ಕೊಂಗು ಸೀಮೆಯ ಪದಗಳ ನಿಘಂಟನ್ನು ಪ್ರಕಟಿಸಿದರು. ತಿರುಚ್ಚೆಂಗೋಡು ಹಿಂದೆ ಸೇಲಂ ಜಿಲ್ಲೆಯದೇ ಊರು. ಶಿಷ್ಟ ತಮಿಳಿನ ಎದುರು ತಮ್ಮ ಸೀಮೆಯ ಮಾತಿಗೆ ಘನತೆ ತಂದ ಕೃತಿಗಳಿವು, ಕನ್ನಡಕ್ಕೆ ಮಾದರಿಯಾಗಬಲ್ಲವು. ಆದರೆ ಒಂದು ಭಾಷೆಯ ಒಳಗಿನ ವೈವಿಧ್ಯವನ್ನು ಹಿಡಿಯುವ ಈ ಮಾದರಿ ಎರಡು ಭಾಷೆಗಳ ನಡುವಿನ ಹೊಸ್ತಿಲಿಗೆ ಸಾಲದು. 'ಹೆಕ್ಕು' ಮತ್ತು 'ಪೊಱುಕ್ಕು' ಒಂದೇ ಪುಟದಲ್ಲಿ ಎದುರುಬದುರು ನಿಲ್ಲುವ, ಎರಡು ಕಾಗೆಗಳಿಗೂ ಬೇರೆ ಬೇರೆ ನಮೂದು ಇರುವ, ತೆಲುಗಿನ ಹಾದಿಯನ್ನೂ ಕಚೇರಿಯ ಹಾದಿಯನ್ನೂ ಗುರುತಿಸುವ ದ್ವಿಭಾಷಾ ಪದಕೋಶ ಈ ಸೀಮೆಯ ಅಗತ್ಯ. ಪ್ರತಿ ನಮೂದಿಗೂ ಆಡಿದವರ ಊರು, ಕಸುಬು, ಸಂದರ್ಭ ಬರಬೇಕು. ಮೂಲದ ಕಥೆಯನ್ನು ಪ್ರಯೋಗದಿಂದ ಬೇರ್ಪಡಿಸಿ ಕಥೆಯೆಂದೇ ದಾಖಲಿಸಬೇಕು. ಜನ ಹೇಳುವ ಕಥೆ ನಿರುಕ್ತಿಗೆ ಪ್ರಮಾಣವಾಗದಿದ್ದರೂ ಜನ ತಮ್ಮ ಮಾತನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆಂಬುದಕ್ಕೆ ಪ್ರಮಾಣವಾಗುತ್ತದೆ.

ಈ ಕೆಲಸವನ್ನು ಮುಂದೂಡುವಂತಿಲ್ಲ. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಹತ್ತರವರೆಗೆ ತಮಿಳನ್ನು ಕಡ್ಡಾಯ ವಿಷಯವನ್ನಾಗಿಸಿತು. ನಾಡಿನ ಭಾಷೆಯನ್ನು ಅಲ್ಲಿನ ಮಕ್ಕಳು ಕಲಿಯಬೇಕೆಂಬುದರಲ್ಲಿ ತಕರಾರಿಗೆ ಎಡೆಯಿಲ್ಲ. ಆದರೆ ಆಡಳಿತದಲ್ಲಿ ಇಲ್ಲದ, ಶಾಲೆಯಲ್ಲಿ ಕಿರಿದಾದ ಭಾಷೆಗೆ ಉಳಿಯುವ ನೆಲೆಗಳು ಅಡುಗೆಮನೆ, ಅಂಗಳ, ಮಗ್ಗ, ಹೊಲ ಮತ್ತು ಬೀದಿ. ಕರ್ನಾಟಕದಲ್ಲಿ ಗ್ರಾಮ್ಯ ಭಾಷೆಯ ಒಂದು ಅಂಚು ಮಾತ್ರ. ಧರ್ಮಪುರಿಯ ಕನ್ನಡದಲ್ಲಿ ಅದು ಭಾಷೆಯ ಬಹುಭಾಗ. ಅಲ್ಲಿ ಅದನ್ನು ಕಳೆದರೆ ಶುದ್ಧ ಕನ್ನಡವೊಂದು ಉಳಿಯುತ್ತದೆಂಬುದು ಭ್ರಮೆ. ಮನೆಯಲ್ಲಿ ಕಲಿತ ಮಾತನ್ನು ತಮಿಳೆಂದು ಕನ್ನಡದ ಮೇಷ್ಟರೂ ಕನ್ನಡವೆಂದು ತಮಿಳಿನ ಮೇಷ್ಟರೂ ತಿದ್ದಿದರೆ ಮಗು ಕಲಿಯುವುದು ಎರಡೂ ಕಡೆ ಬಾಯಿ ಮುಚ್ಚಿಕೊಂಡಿರುವುದನ್ನು. ಅದರ ಮಾತುಗಳು ಎಲ್ಲಿಂದ ಬಂದುವೆಂಬುದನ್ನು ಪ್ರಾಮಾಣಿಕವಾಗಿ ತಿಳಿಸುವ ನಿರುಕ್ತಿ, ಆ ಮಾತುಗಳನ್ನು ಆಡುವ ಹಕ್ಕು ಅದಕ್ಕಿದೆಯೆಂಬುದನ್ನೂ ಜೊತೆಯಲ್ಲೇ ತಿಳಿಸುತ್ತದೆ.